ಬೀ ದಾದಿಯ ಜಾನಮಾಜ್ ಮತ್ತು ನಮ್ಮ ಮನೆಗಳ ಸಿಹಿ ಸುಳ್ಳು

ಕೊರೋನಾ ಕಾಲದ ಸರಕಾರಿ ಸೂಚನೆಗಳಲ್ಲಿ ಒಂದು ಸಾಲು ಪದೇ ಪದೇ ಬರುತ್ತಿತ್ತು. 65 ವರ್ಷ ದಾಟಿದವರು, 10 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬೇರೆ ಕಾಯಿಲೆ ಇರುವವರು ತೀರಾ ಅಗತ್ಯವಿದ್ದರೆ ಮಾತ್ರ ಮನೆಯಿಂದ ಹೊರಗೆ ಬರಬೇಕು ಎಂಬ ಸಾಲು ಅದು. ರೋಗದಿಂದ ಕಾಪಾಡಲು ಮಾಡಿದ ಸೂಚನೆ, ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸಾವು ಮನೆ ಮನೆಗೆ ಬಂದಾಗ ಈ ಸಾಲಿಗೆ ಇನ್ನೊಂದು ಅರ್ಥ ಹುಟ್ಟಿಕೊಂಡಿತು. ಮನೆಯ ನಡುವಯಸ್ಸಿನವರು ಆಸ್ಪತ್ರೆಗೆ, ಖಬರಸ್ತಾನಕ್ಕೆ, ಸ್ಮಶಾನಕ್ಕೆ ಓಡಾಡುತ್ತಿದ್ದಾಗ ಮನೆಯೊಳಗೆ ಉಳಿದವರು ಇಬ್ಬರೇ. ಒಬ್ಬರು ತೀರಾ ಹಿರಿಯರು, ಇನ್ನೊಬ್ಬರು ತೀರಾ ಕಿರಿಯರು. ಮಗನನ್ನು ಕಳೆದುಕೊಂಡ ಅಜ್ಜಿ ಮತ್ತು ಅಪ್ಪನನ್ನು ಕಳೆದುಕೊಂಡ ಮಗು.

ಜಯನಗರದ ಪಕ್ಕದ ತಿಲಕನಗರ, ಬಿಟಿಎಂ ಲೇಔಟಿಗೆ ತಾಗಿಕೊಂಡಿರುವ ಗುರಪ್ಪನಪಾಳ್ಯ, ಬನಶಂಕರಿಯ ಯಾರಬ್ ನಗರ, ಜೆ.ಪಿ. ನಗರದ ಕಡೆಯ ಇಲಿಯಾಸ್ ನಗರ - ದಕ್ಷಿಣ ಬೆಂಗಳೂರಿನ ನಕಾಶೆಯಲ್ಲಿ ದೊಡ್ಡ ಬಡಾವಣೆಗಳ ನೆರಳಲ್ಲಿ ಇರುವ ಮೊಹಲ್ಲಾಗಳು ಇವು. ಒಂದೂವರೆ ಕೋಣೆಯ ಭೋಗ್ಯದ ಮನೆಗಳು. ಇಂಥ ಮನೆಯಲ್ಲಿ ದುಃಖಕ್ಕೆ ಬೇರೆ ಕೋಣೆ ಇರುವುದಿಲ್ಲ. ನಾವು ಬಲ್ಲ ಒಂದು ಮನೆಯಲ್ಲಿ ಆ ಮೇ ತಿಂಗಳಿನಲ್ಲಿ ತೀರಿಕೊಂಡವನು ಮೂವತ್ತೈದರ ಆಸುಪಾಸಿನ ಯುವಕ. ಹೆಂಡತಿಯೂ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದಳು. ಪಿಪಿಇ ಕಿಟ್ ತೊಟ್ಟ ಮೊಹಲ್ಲಾದ ಹುಡುಗರು ಮಯ್ಯತ್ ಒಯ್ದು ದಫನ್ ಮಾಡಿದರು. ಮನೆಯಲ್ಲಿದ್ದದ್ದು ತಾಯಿ ಮತ್ತು ಏಳು ವರ್ಷದ ಮಗಳು. ಮಗುವಿಗೆ ಏನು ಹೇಳುವುದು? ಹಿರಿಯರು ಫೋನಿನಲ್ಲೇ ಸಮಾಲೋಚಿಸಿ ತೀರ್ಮಾನಿಸಿದರು: "ಅಬ್ಬು ಕೆಲಸಕ್ಕೆ ಸೌದಿಗೆ ಹೋಗಿದ್ದಾರೆ ಅಂತ ಹೇಳಿ. ಅವಳ ಅಮ್ಮಿ ವಾಪಸ್ ಬರಲಿ, ಆಮೇಲೆ ನೋಡೋಣ."

ಈ ಸುಳ್ಳನ್ನು ನಾವು ಕೇಳದವರಲ್ಲ. ಕರಾವಳಿಯಲ್ಲಿ ಅದು ದುಬೈ, ಬೆಂಗಳೂರಿನಲ್ಲಿ ಸೌದಿ, ನೆರೆಯ ಹಿಂದೂ ಮನೆಯಲ್ಲಿ ಆಕಾಶದ ನಕ್ಷತ್ರ ಅಥವಾ ದೇವರ ಊರು. ಕರುಣೆಯಿಂದ ಹುಟ್ಟಿದ ಸುಳ್ಳು. ಅದನ್ನು ಬರೇ ಸುಳ್ಳೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಆದರೂ ಈ ಸುಳ್ಳನ್ನು ಹೊರುವವರು ಯಾರು, ಅದು ಯಾರ ಬಾಯಿ ಮುಚ್ಚಿಸುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಆ ಪ್ರಶ್ನೆಯನ್ನು ಮತ್ತೆ ನಮ್ಮ ಮುಂದಿಟ್ಟದ್ದು ಒಂದು ಕಥೆ. ಆ ಕಥೆಯ ಬಗ್ಗೆಯೇ ಈ ಲೇಖನ.

ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಬಾರಿ ಬಂದ ಗೌರವ. ಅದರ ನಂತರ ಈ ಕಥೆಗಳ ಬಗ್ಗೆ ನಡೆದ ಚರ್ಚೆಯಲ್ಲಿ ಎರಡು ಮಾತುಗಳೇ ಹೆಚ್ಚಾಗಿ ಕೇಳಿಬಂದವು. ಇವು ಮುಸ್ಲಿಂ ಮಹಿಳೆಯ ಸಂಕಟದ ಕಥೆಗಳು ಎಂಬುದು ಒಂದು. ಸಮುದಾಯದ ಪುರುಷಾಧಿಕಾರದ ವಿರುದ್ಧದ ದನಿ ಎಂಬುದು ಇನ್ನೊಂದು. ಎರಡೂ ನಿಜವೇ. ಆದರೆ ಇವೆರಡರ ಸದ್ದಿನಲ್ಲಿ ಈ ಕಥೆಗಳಲ್ಲಿರುವ ಮಕ್ಕಳು ಮತ್ತು ಮುದುಕಿಯರು ನಮ್ಮ ವಿಮರ್ಶೆಯ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಅದರಲ್ಲೂ ಇಂಗ್ಲಿಷಿನಲ್ಲಿ 'ಎ ಟೇಸ್ಟ್ ಆಫ್ ಹೆವನ್' ಎಂಬ ಹೆಸರಿನಲ್ಲಿ ಬಂದಿರುವ ಕಥೆಯನ್ನು ನಗೆಯ ಕಥೆಯೆಂದು ಓದಿ ಮುಂದೆ ಹೋದವರೇ ಹೆಚ್ಚು.

ಕಥೆಯ ಹಂದರ ಸರಳ. ಮನೆಯೊಂದರಲ್ಲಿ ಬೀ ದಾದಿ ಎಂಬ ಮುದುಕಿ. ತೀರಾ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಉಳಿದ ಬದುಕನ್ನೆಲ್ಲ ತವರಿನವರ ಆಶ್ರಯದಲ್ಲಿ ಕಳೆದವಳು. ಅವಳ ಪಾಲಿಗೆ ಉಳಿದಿರುವ ಒಂದೇ ಆಸ್ತಿ ಮದುವೆಯ ಕಾಲದ ಒಂದು ಜಾನಮಾಜ್. ಹರಿದು ಹಳತಾದ ಅದರ ಮೇಲೆಯೇ ಅವಳ ನಮಾಜು. ಒಂದು ದಿನ ಮನೆಯ ಹುಡುಗ ಅದನ್ನು ಹಳೆ ಬಟ್ಟೆಯೆಂದುಕೊಂಡು ತನ್ನ ಗಾಡಿ ಒರೆಸಿಬಿಡುತ್ತಾನೆ. ಮುದುಕಿ ಕುಸಿದುಹೋಗುತ್ತಾಳೆ. ಹೊಸ ಜಾನಮಾಜ್ ಆಕೆಗೆ ಬೇಡ. ಕೊನೆಗೆ ಅವಳಿಗೆ ಸಮಾಧಾನ ಸಿಗುವುದು ಮಕ್ಕಳ ಒಂದು ಉಪಾಯದಿಂದ: ಪೆಪ್ಸಿಯನ್ನು ಕುಡಿಸಿ, ಇದು ಆಬೆ ಕೌಸರ್ ಎಂದು ಹೇಳುತ್ತಾರೆ. ಬೀ ದಾದಿ ನಂಬುತ್ತಾಳೆ. ತಾನು ಸ್ವರ್ಗದಲ್ಲಿದ್ದೇನೆ ಎಂದುಕೊಳ್ಳುತ್ತಾಳೆ. ಎಂದೋ ಹೋದ ಗಂಡ ಅವಳಿಗೆ ಮತ್ತೆ ಸಿಗುತ್ತಾನೆ.

ನಗು ಬರುವುದು ನಿಜ. ಕಪ್ಪು ಬಣ್ಣದ ಬುರುಗು ನೀರು ಸ್ವರ್ಗದ ಪಾನೀಯವಾಗುವುದು, ಅದಕ್ಕಾಗಿ ಮನೆಯವರು ಪೆಪ್ಸಿ ಹೊಂದಿಸುವುದು - ಇದರಲ್ಲಿ ಬಾನು ಅವರ ತುಂಟ ವ್ಯಂಗ್ಯ ಇದ್ದೇ ಇದೆ. ಕೆಲವು ಓದುಗರಿಗೆ ಇಲ್ಲಿ ಇರುಸುಮುರುಸು ಆಗಬಹುದು. ಪವಿತ್ರವೆಂದು ನಾವು ನಂಬಿರುವ ಕೌಸರನ್ನು ಬಾಟಲಿ ಪಾನಕದ ಜೊತೆ ಇಡುವುದು ಸರಿಯೇ ಎಂಬ ಪ್ರಶ್ನೆ ಬರಬಹುದು. ಆ ಪ್ರಶ್ನೆಯನ್ನು ನಾವು ಕಡೆಗಣಿಸುವುದಿಲ್ಲ. ಆದರೆ ನಮ್ಮ ಓದಿನಲ್ಲಿ ಈ ಕಥೆ ಸ್ವರ್ಗವನ್ನು ಗೇಲಿ ಮಾಡುತ್ತಿಲ್ಲ. ಅದು ಗೇಲಿ ಮಾಡುತ್ತಿರುವುದು ಒಬ್ಬ ಹೆಣ್ಣುಮಗಳಿಗೆ ಭೂಮಿಯ ಮೇಲೆ ಬದುಕಿನುದ್ದಕ್ಕೂ ಒಂದು ಗುಟುಕು ಸಿಹಿ ಕೊಡದ ಮನೆತನವನ್ನು. ಪೆಪ್ಸಿಯ ರುಚಿಯೇ ಸ್ವರ್ಗವಾಗಿ ಕಾಣಬೇಕಾದರೆ ಆಕೆ ಅದುವರೆಗೆ ಕುಡಿದದ್ದು ಏನನ್ನು ಎಂದು ಕೇಳಿಕೊಂಡರೆ ನಗು ಗಂಟಲಲ್ಲೇ ನಿಲ್ಲುತ್ತದೆ.

ಇನ್ನೂ ಒಂದು ಮಾತಿದೆ. ಕುರ್‌ಆನಿನ ಅತ್ಯಂತ ಚಿಕ್ಕ ಅಧ್ಯಾಯ 'ಅಲ್ ಕೌಸರ್'. ಅದು ಅವತೀರ್ಣವಾದ ಸಂದರ್ಭದ ಬಗ್ಗೆ ವ್ಯಾಖ್ಯಾನಕಾರರು ಹೇಳುವ ಪ್ರಸಿದ್ಧ ವಿವರಣೆ ಇದು: ಪ್ರವಾದಿಯವರ(ಸ) ಗಂಡುಮಗು ತೀರಿಕೊಂಡಾಗ ಮಕ್ಕಾದ ವಿರೋಧಿಗಳು ಅವರನ್ನು ವಂಶದ ಬೇರು ಕಡಿದುಹೋದವರೆಂದು ಹಂಗಿಸಿದರು. ಆಗ ಬಂದ ಸಾಂತ್ವನದ ಮಾತು ಕೌಸರ್. ಅಂದರೆ ಕೌಸರ್ ಎಂಬ ಪದದ ಹಿಂದೆ ಮಗುವನ್ನು ಕಳೆದುಕೊಂಡ ಒಬ್ಬ ತಂದೆಯ ಎದೆ ಇದೆ. ಕಥೆಯ ಮಕ್ಕಳಿಗೆ ಇದು ಗೊತ್ತಿರಬೇಕಾಗಿಲ್ಲ. ಅವರ ಬಾಯಿಗೆ ಬಂದ ಹೆಸರು ಅದು, ಅಷ್ಟೆ. ಆದರೆ ದುಃಖಿಯೊಬ್ಬಳಿಗೆ ಏನೋ ಕೊಡಬೇಕು ಎನಿಸಿದಾಗ ಅವರ ನಾಲಗೆಗೆ ಬಂದದ್ದು ಸಾಂತ್ವನದ ಹೆಸರೇ. ಈ ಕಾರಣಕ್ಕಾದರೂ ಆ ಜಾಗದಲ್ಲಿ ಹೊಡೆದು ಹಾಕುವಂಥದ್ದೇನೂ ನಮಗೆ ಕಾಣುವುದಿಲ್ಲ.

ಈಗ ಜಾನಮಾಜಿನ ಕಡೆಗೆ ತಿರುಗೋಣ. ಕಥೆಯನ್ನು ಓದಿದವರೆಲ್ಲ ಹುಡುಗನ ಉಡಾಫೆಯನ್ನು ಬೈಯುತ್ತಾರೆ. ಇಂದಿನ ಮಕ್ಕಳಿಗೆ ಧರ್ಮದ ಗಂಧವಿಲ್ಲ, ಹಿರಿಯರ ಮೇಲೆ ಗೌರವವಿಲ್ಲ ಎಂಬ ನಮ್ಮ ಎಂದಿನ ದೂರಿಗೆ ಇದೊಂದು ಒಳ್ಳೆಯ ಉದಾಹರಣೆಯಾಗಿ ಸಿಕ್ಕಿಬಿಡುತ್ತದೆ. ನಮಗೆ ಕಾಣುವುದು ಬೇರೆ. ಆ ಹುಡುಗ ಒರೆಸಿದ್ದೇಕೆಂದರೆ ಅವನ ಕಣ್ಣಿಗೆ ಅದು ಬಟ್ಟೆಯ ಚೂರು. ಅದು ದಾದಿಯ ಮದುವೆಯ ಬಟ್ಟೆ, ಅದರ ಹಿಂದೆ ಒಬ್ಬ ಮನುಷ್ಯನಿದ್ದ, ಅವನಿಗೊಂದು ಹೆಸರಿತ್ತು, ಅವನು ಸತ್ತ ದಿನ ಈ ಮುದುಕಿ ಹುಡುಗಿಯಾಗಿದ್ದಳು - ಇದನ್ನು ಅವನಿಗೆ ಯಾರಾದರೂ ಕೂತು ಹೇಳಿದ್ದರೆ ಅವನ ಕೈ ಅಷ್ಟು ಸಲೀಸಾಗಿ ಅದರ ಮೇಲೆ ಹೋಗುತ್ತಿರಲಿಲ್ಲ. ಮನೆಯ ಮಗು ಕಥೆ ಕೇಳುವುದು ಅಜ್ಜಿಯ ಮಡಿಲಲ್ಲಿ ಎನ್ನುತ್ತೇವೆ. ರಾಜಕುಮಾರಿಯ ಕಥೆ, ಹಾತಿಮ್ ತಾಯಿಯ ಕಥೆ, ನರಿಯ ಕಥೆ, ಎಲ್ಲವನ್ನೂ ಅಜ್ಜಿ ಹೇಳುತ್ತಾಳೆ. ತನ್ನ ಕಥೆಯೊಂದನ್ನು ಬಿಟ್ಟು. ಅವಳ ದುಃಖದ ಕಥೆಯನ್ನು ಕೇಳುವವರೂ ಇಲ್ಲ, ಹೇಳಲು ಅವಳಿಗೆ ಅಪ್ಪಣೆಯೂ ಇಲ್ಲ. ಸಬರ್ ಎಂಬ ದೊಡ್ಡ ಮಾತನ್ನು ನಾವು ಬಹಳ ಸಲ ಬಾಯಿ ಮುಚ್ಚಿಸುವ ಬಟ್ಟೆಯಾಗಿ ಬಳಸಿದ್ದೇವೆ.

ಇದು ಮುಸ್ಲಿಂ ಮನೆಗಳ ಮಾತು ಮಾತ್ರ ಅಲ್ಲ. 2016ರಲ್ಲಿ ತೆರೆಕಂಡ ರಾಮ್ ರೆಡ್ಡಿಯವರ 'ತಿಥಿ' ಚಿತ್ರವನ್ನು ನೆನೆಸಿಕೊಳ್ಳಿ. ಮಂಡ್ಯದ ಸೀಮೆಯ ಹಳ್ಳಿಯೊಂದರಲ್ಲಿ ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪನೂ ಈಗಾಗಲೇ ಮುದುಕ. ಹನ್ನೊಂದನೆಯ ದಿನದ ತಿಥಿಗೆ ಊರೂಟ, ಸಾಲ, ಜಮೀನಿನ ಪತ್ರ ಎಂದು ಮೊಮ್ಮಗ ಓಡಾಡುತ್ತಾನೆ, ಮರಿಮಗ ಕುರಿಗಾಹಿಗಳ ಹುಡುಗಿಯ ಹಿಂದೆ ಸುತ್ತುತ್ತಾನೆ. ಗಡ್ಡಪ್ಪ ಮಾತ್ರ ಯಾವುದಕ್ಕೂ ಸಂಬಂಧವಿಲ್ಲದವನಂತೆ ಹೊಲಗಳ ನಡುವೆ ಅಲೆಯುತ್ತಾನೆ. ಎಲ್ಲರೂ ಅವನನ್ನು ದುಃಖವೇ ಇಲ್ಲದವನು ಎಂದುಕೊಂಡಿರುವಾಗ ಒಂದು ರಾತ್ರಿ ಬೆಂಕಿಯ ಮುಂದೆ ಕೂತು ತನ್ನ ಎದೆಯೊಳಗಿನದನ್ನು ಹೇಳಿಕೊಳ್ಳುತ್ತಾನೆ. ಹೇಳುವುದು ಯಾರಿಗೆ? ಮಗನಿಗಲ್ಲ, ಮೊಮ್ಮಗನಿಗಲ್ಲ, ದಾರಿಯಲ್ಲಿ ಸಿಕ್ಕ ಅಲೆಮಾರಿ ಕುರಿಗಾಹಿಗಳಿಗೆ. ಮನೆಯ ಹಿರಿಯನ ದುಃಖಕ್ಕೆ ಮನೆಯಲ್ಲಿ ಕಿವಿ ಇಲ್ಲ. ಬೀ ದಾದಿಗೆ ಪೆಪ್ಸಿ, ಗಡ್ಡಪ್ಪನಿಗೆ ಅಪರಿಚಿತರು.

ಮಕ್ಕಳ ಕಡೆಯಿಂದ ನೋಡಿದರೂ ಇದೇ ಚಿತ್ರ. ಅದೇ ಸಂಕಲನದ ಶಾಯಿಸ್ತಾಳ ಕಥೆಯಲ್ಲಿ ತಾಯಿ ತೀರಿಕೊಂಡು ನಲವತ್ತು ದಿನ ಕಳೆಯುವಷ್ಟರಲ್ಲಿ ತಂದೆ ಹೊಸ ಹೆಂಡತಿಯನ್ನು ತರುತ್ತಾನೆ. ಹೆಂಡತಿಗೆ ಮಹಲು ಕಟ್ಟುವ ಮಾತಾಡುತ್ತಿದ್ದ ಗಂಡ ಅವನು. ಆ ಮನೆಯಲ್ಲಿ ಓದು ಬಿಟ್ಟು ತಮ್ಮ ತಂಗಿಯರನ್ನು ಸಾಕುತ್ತಿದ್ದ ಹಿರಿಮಗಳು ಆಸಿಫಾ, ಈಗ ಎಳೆಗೂಸನ್ನೂ ಎತ್ತಿಕೊಂಡಿದ್ದಾಳೆ. ವಿಮರ್ಶಕರು ಗಂಡನ ಸೋಗಲಾಡಿತನದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಆಸಿಫಾ ಅಳಲು ಒಂದು ಮಡಿಲು ಎಲ್ಲಿದೆ ಎಂಬುದನ್ನು ಕೇಳಿದವರು ಕಡಿಮೆ. ಅವಳಿಗೆ ದುಃಖಪಡಲು ಪುರುಸೊತ್ತೇ ಇಲ್ಲ. ಸಾವಿನ ಮನೆಯಲ್ಲಿ ಹೆಣ್ಣುಮಗುವನ್ನು ನಾವು ಒಂದೇ ದಿನದಲ್ಲಿ ಹೆಂಗಸನ್ನಾಗಿ ಮಾಡಿಬಿಡುತ್ತೇವೆ. 'ನೀನೇ ಈಗ ಇವರಿಗೆಲ್ಲ ಅಮ್ಮ' ಎಂದು ತಲೆ ಸವರಿ ಹೇಳುವ ಮಾತು ಕೇಳಲು ಹೊಗಳಿಕೆಯಂತಿರುತ್ತದೆ. ಆ ಮಾತಿನಿಂದ ಮಗು ತನ್ನ ಅಮ್ಮನನ್ನು ಎರಡನೆಯ ಸಲ ಕಳೆದುಕೊಳ್ಳುತ್ತದೆ.

ಶೀರ್ಷಿಕೆಯ ಕಥೆ 'ಎದೆಯ ಹಣತೆ'ಯಲ್ಲಿ ಇದಕ್ಕೆ ತಿರುಗಿದ ಚಿತ್ರವಿದೆ. ಗಂಡನಿಂದ ತಿರಸ್ಕೃತಳಾಗಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡ ಮೆಹರುನ್‌ಳನ್ನು ತಡೆಯುವವಳು ಅವಳ ಮಗಳು ಸಲ್ಮಾ. ಆ ಹುಡುಗಿ ತಾಯಿಗೆ ಉಪದೇಶ ಹೇಳುವುದಿಲ್ಲ, ಸಿಹಿ ಸುಳ್ಳನ್ನೂ ಹೇಳುವುದಿಲ್ಲ. ಹಸುಗೂಸನ್ನು ಮುಂದಿಟ್ಟು, ನಮಗಾಗಿ ಬದುಕಲಾರೆಯಾ ಎಂದು ನೇರವಾಗಿ ಕೇಳುತ್ತಾಳೆ. ಹಿರಿಯರೆಲ್ಲ ಮರ್ಯಾದೆಯ ಭಾಷೆಯಲ್ಲಿ ಮಾತಾಡುತ್ತಿದ್ದ ಆ ಕಥೆಯಲ್ಲಿ ನಿಜದ ಭಾಷೆ ಬರುವುದು ಮಗುವಿನ ಬಾಯಿಯಲ್ಲಿ. ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂಬ ನಮ್ಮ ನಂಬಿಕೆಗೆ ಬಾನು ಅವರ ಕಥಾಲೋಕ ಕೊಡುವ ಉತ್ತರ ಇದು.

ನಾವು ಮೊದಲು ಹೇಳಿದ ಗುರಪ್ಪನಪಾಳ್ಯದ ಕಡೆಯ ಆ ಮನೆಗೆ ಈಗ ಹಿಂತಿರುಗಬಹುದು. ತಾಯಿ ಗುಣವಾಗಿ ಮನೆಗೆ ಬಂದಳು, ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕೂತಳು. ಅಬ್ಬು ಸೌದಿಯಲ್ಲಿ ಎಂಬ ಮಾತು ಮಾತ್ರ ಹಾಗೆಯೇ ಉಳಿಯಿತು. ಒಮ್ಮೆ ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಳ್ಳೆಯ ದಿನ ಬರುವುದೇ ಇಲ್ಲ. ಮಗು ಮೊದಮೊದಲು ದಾದಿಯ ಬಳಿ ಫೋನ್ ಮಾಡಿಕೊಡು ಎಂದು ಹಟ ಮಾಡಿತು, ಆಮೇಲೆ ಕೇಳುವುದನ್ನು ಬಿಟ್ಟಿತು. ಮರೆತಿದೆ, ಪಾಪ, ಮಕ್ಕಳ ಮನಸ್ಸು ಎಂದು ಎಲ್ಲರೂ ನಿಟ್ಟುಸಿರುಬಿಟ್ಟರು. ದಾದಿ ಮಾತ್ರ ಮಗುವಿನ ಎದುರು ಅಳುವಂತಿರಲಿಲ್ಲ. ಮಗ ಸೌದಿಯಲ್ಲಿ ಇದ್ದಾನಲ್ಲ! ಮಗು ಮದರಸಕ್ಕೆ ಹೋದ ಒಂದು ಗಂಟೆಯಷ್ಟೇ ಅವಳ ಅಳುವಿನ ಹೊತ್ತು. 2022ರ ಶಬೆ ಬರಾತ್ ರಾತ್ರಿ ಚಿಕ್ಕಪ್ಪ ಖಬರಸ್ತಾನಕ್ಕೆ ಹೊರಟಾಗ ಹುಡುಗಿ ಅವನ ಹಿಂದೆಯೇ ಮೆಟ್ಟಿಲಿಳಿದು ಹೋಗಿ ಮೆಲ್ಲಗೆ ಹೇಳಿದಳಂತೆ: "ಚಾಚಾ, ಅಬ್ಬು ಹತ್ರ ಹೋಗ್ತಿದ್ದೀರಲ್ಲ, ನನ್ನನ್ನೂ ಕರ್ಕೊಂಡು ಹೋಗಿ. ದಾದಿಗೆ ಹೇಳ್ಬೇಡಿ, ಅವರಿಗೆ ಗೊತ್ತಿಲ್ಲ."

ಅವರಿಗೆ ಗೊತ್ತಿಲ್ಲ! ಹತ್ತು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರು, ಒಂದೇ ಸಾವನ್ನು ಒಬ್ಬರಿಂದ ಒಬ್ಬರು ಮುಚ್ಚಿಟ್ಟಿದ್ದರು. ಬೀದಿಯ ಮಕ್ಕಳು ಮಗುವಿಗೆ ಎಂದೋ ಹೇಳಿಬಿಟ್ಟಿದ್ದರು. ದಾದಿಯ ಎದೆ ಒಡೆಯಬಾರದೆಂದು ಅದು ಫೋನಿನ ಹಟವನ್ನು ಬಿಟ್ಟಿತ್ತು. ಮಗುವನ್ನು ಕಾಪಾಡಲು ಹಿರಿಯರು ಹೇಳಿದ ಸುಳ್ಳಿನ ಕಾವಲು ಕಾಯುವ ಕೆಲಸ ಕೊನೆಗೆ ಮಗುವಿನ ಹೆಗಲಿಗೇ ಬಿತ್ತು.

ಇದನ್ನು ಕೇಳಿದ ಮೇಲೆ ಬೀ ದಾದಿಯ ಕಥೆ ನಮಗೆ ಬೇರೆಯಾಗಿ ಕಂಡಿತು. ನಮ್ಮ ಮನೆಗಳಲ್ಲಿ ಹಿರಿಯರು ಕಿರಿಯರಿಗೆ ಸುಳ್ಳು ಹೇಳುತ್ತಾರೆ, ಕಥೆಯಲ್ಲಿ ಕಿರಿಯರು ಹಿರಿಯಳಿಗೆ ಹೇಳುತ್ತಾರೆ. ಎರಡೂ ಕರುಣೆಯ ಸುಳ್ಳೇ. ಆದರೆ ಫಲ ಒಂದೇ ಅಲ್ಲ. ಸೌದಿಯ ಸುಳ್ಳು ಎರಡು ಬಾಯಿಗಳನ್ನು ಮುಚ್ಚಿಸಿತು. ಕೌಸರಿನ ಸುಳ್ಳು ಒಂದು ಬಾಯಿಯನ್ನು ತೆರೆಸಿತು, ಜೀವಮಾನವೆಲ್ಲ ಹೇಳಲಾಗದ್ದನ್ನು ಮುದುಕಿ ತನ್ನ ಗಂಡನ ಜೊತೆ ಮಾತಾಡಿಕೊಂಡಳು. ಈ ವ್ಯತ್ಯಾಸವನ್ನು ಕಾಣಿಸುವುದು ಈ ಕಥೆಯ ಹೆಚ್ಚುಗಾರಿಕೆ. ಅದರ ಜೊತೆಗೇ ಕಥೆಯ ನೋವೂ ಇದೆ. ಬೀ ದಾದಿ ಮಾತಾಡಲು ಈ ಲೋಕವನ್ನೇ ಬಿಟ್ಟು ಹೋಗಬೇಕಾಯಿತು. ಮನೆಯವರು ಅವಳಿಗೆ ಬಾಟಲಿ ತಂದುಕೊಟ್ಟರು. 'ಅವರು ಹೇಗಿದ್ದರು ದಾದಿ, ಅವರ ಬಗ್ಗೆ ಹೇಳು' ಎಂದು ಪಕ್ಕದಲ್ಲಿ ಕೂತು ಕೇಳಬೇಕಾದ ಜಾಗದಲ್ಲಿ ಪೆಪ್ಸಿ ಬಂತು. ಕಥೆ ಈ ಕೊರತೆಯನ್ನು ನಗುವಿನ ಹಿಂದೆ ಇಟ್ಟಿದೆ. ನಮ್ಮ ಒಂದು ಅಸಮಾಧಾನವನ್ನು ಇಲ್ಲಿ ಹೇಳಲೇಬೇಕು. ಬೀ ದಾದಿಯ ಸ್ವರ್ಗ ನಮಗೆ ಕಣ್ಣಿಗೆ ಕಟ್ಟುವಷ್ಟು, ಆ ಸ್ವರ್ಗವನ್ನು ಕಟ್ಟಿಕೊಟ್ಟ ಮಕ್ಕಳ ಒಳಗು ಕಟ್ಟುವುದಿಲ್ಲ. ಜಾನಮಾಜ್ ಹಾಳುಮಾಡಿದ ಹುಡುಗ ಆ ರಾತ್ರಿ ಹೇಗೆ ನಿದ್ದೆ ಮಾಡಿದ? ದಾದಿಯನ್ನು ನಂಬಿಸಿದ ಮೇಲೆ ಮಕ್ಕಳಿಗೆ ಹೆದರಿಕೆ ಆಗಲಿಲ್ಲವೆ? ಇದನ್ನು ಓದುಗರೇ ಊಹಿಸಿಕೊಳ್ಳಬೇಕು.

ಹಿರಿಯ ಜೀವ ಮತ್ತು ಎಳೆಯ ಜೀವ ಒಂದೇ ಸಾವನ್ನು ಜೊತೆಯಾಗಿ ಹೊತ್ತ ಮಾದರಿ ನಮ್ಮ ಪರಂಪರೆಯಲ್ಲಿ ಇಲ್ಲದೆ ಇಲ್ಲ. ಅದು ಎಲ್ಲ ಮಕ್ಕಳೂ ಮದರಸದಲ್ಲಿ ಕಲಿಯುವ ಸೀರತ್ತಿನ ಮೊದಲ ಪಾಠದಲ್ಲೇ ಇದೆ. ನಾವು ಅದನ್ನು ದುಃಖದ ಕಥೆಯಾಗಿ ಓದುವುದಿಲ್ಲ, ಅಷ್ಟೆ. ಪ್ರವಾದಿಯವರು(ಸ) ಹುಟ್ಟುವ ಮೊದಲೇ ತಂದೆ ಅಬ್ದುಲ್ಲಾ ತೀರಿಕೊಂಡಿದ್ದರು. ಆರರ ವಯಸ್ಸಿನಲ್ಲಿ, ಪ್ರಯಾಣದ ನಡುವೆ ಅಬ್ವಾ ಎಂಬಲ್ಲಿ ತಾಯಿ ಆಮಿನಾ ತೀರಿಕೊಂಡರು. ಸೇವಕಿ ಉಮ್ಮು ಐಮನ್ ಆ ಮಗುವನ್ನು ಮಕ್ಕಾಕ್ಕೆ ಕರೆತಂದರು. ಬಾಗಿಲಲ್ಲಿ ಬರಮಾಡಿಕೊಂಡ ಅಜ್ಜ ಅಬ್ದುಲ್ ಮುತ್ತಲಿಬ್ ಸ್ವತಃ ಮುದ್ದಿನ ಮಗನನ್ನು ಕಳೆದುಕೊಂಡವರು. ಮಗನನ್ನು ಕಳೆದುಕೊಂಡ ಮುದುಕ, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮೊಮ್ಮಗ.

ಆ ಅಜ್ಜ ಮಾಡಿದ್ದೇನು? ಸೀರತ್ ಗ್ರಂಥಗಳು ಒಂದು ಸಣ್ಣ ವಿವರವನ್ನು ಉಳಿಸಿಕೊಂಡಿವೆ. ಕಅಬಾದ ನೆರಳಲ್ಲಿ ಅಬ್ದುಲ್ ಮುತ್ತಲಿಬರಿಗೆ ಒಂದು ಹಾಸು ಹಾಕಿರುತ್ತಿದ್ದರು. ಅವರ ಸ್ವಂತ ಗಂಡುಮಕ್ಕಳೂ ಗೌರವದಿಂದ ಅದರ ಅಂಚಿನಾಚೆ ಕೂರುತ್ತಿದ್ದರು. ಮೊಮ್ಮಗ ಮಾತ್ರ ನೇರವಾಗಿ ಬಂದು ಹಾಸಿನ ಮೇಲೆ ಕೂತುಬಿಡುತ್ತಿದ್ದ. ಎಬ್ಬಿಸಲು ಹೋದ ಚಿಕ್ಕಪ್ಪ ದೊಡ್ಡಪ್ಪಂದಿರನ್ನು ಅಜ್ಜ ತಡೆದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರುತ್ತಿದ್ದರು. ಬೀ ದಾದಿಯ ಜಾನಮಾಜ್ ಓದುವಾಗ ನಮಗೆ ನೆನಪಾದದ್ದು ಈ ಹಾಸು. ಒಂದು ಹಾಸಿನ ಮೇಲೆ ಮಗುವಿಗೆ ಜಾಗವಿತ್ತು. ಇನ್ನೊಂದು ಹಾಸಿನ ಹತ್ತಿರ ಮಗುವನ್ನು ಯಾರೂ ಕರೆದೇ ಇರಲಿಲ್ಲ.

ಮೊಮ್ಮಗನಿಗೆ ಎಂಟು ವರ್ಷವಾದಾಗ ಅಜ್ಜನೂ ತೀರಿಕೊಂಡರು. ಆ ಮಗು ಅಜ್ಜನ ಶವದ ಹಿಂದೆ ಅಳುತ್ತ ನಡೆದುದನ್ನು ತಾನು ಕಂಡೆನೆಂದು ಉಮ್ಮು ಐಮನ್ ಹೇಳಿದ ವರದಿ ಇದೆ. ಮಗುವನ್ನು ಪಕ್ಕದ ಮನೆಗೆ ಕಳಿಸಿರಲಿಲ್ಲ. ಅಳಬೇಡ, ಗಂಡುಮಗು ನೀನು ಎಂದು ಯಾರೂ ಗದರಿದ ಮಾತೂ ಇಲ್ಲ. ಎಷ್ಟೋ ದಶಕಗಳ ಮೇಲೆ, ಅನುಯಾಯಿಗಳ ಜೊತೆ ತಾಯಿಯ ಸಮಾಧಿಯ ಬಳಿ ನಿಂತಾಗ ಪ್ರವಾದಿಯವರು(ಸ) ಅತ್ತರು, ಸುತ್ತಲಿದ್ದವರೂ ಅತ್ತರು ಎಂದು ಹದೀಸಿನಲ್ಲಿದೆ. ಸಾಕಿದ ಪುಟ್ಟ ಹಕ್ಕಿ ಸತ್ತುಹೋಗಿ ಮಂಕಾಗಿದ್ದ ಅಬೂ ಉಮೈರ್ ಎಂಬ ಹುಡುಗನನ್ನು ಅವರು ಮಾತಾಡಿಸಿದ ಪ್ರಸಂಗವಂತೂ ಪ್ರಸಿದ್ಧ. ಹಕ್ಕಿ ಹಾರಿಹೋಯಿತು, ಬರುತ್ತದೆ ಎಂದು ಅವರು ಹೇಳಲಿಲ್ಲ. ಆ ಹಕ್ಕಿಗೆ ಏನಾಯಿತಪ್ಪಾ ಎಂದು ಹಕ್ಕಿಯ ಹೆಸರು ಹಿಡಿದೇ ಕೇಳಿದರು. ಮಗುವಿನ ದುಃಖವನ್ನು ಅದರ ಹೆಸರಿನಿಂದಲೇ ಕರೆದು ಮಾತಾಡಿಸಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ನಮಗೆ ಬೇಕಾಗಿಲ್ಲ.

ಇಂದಿನ ಮನೋವೈದ್ಯರು ಹೇಳುವುದೂ ಇದಕ್ಕೆ ದೂರವಲ್ಲ. ಸತ್ತವರು ಮರಳಿ ಬರುವುದಿಲ್ಲ, ಸಾವು ಎಲ್ಲರಿಗೂ ಬರುತ್ತದೆ ಎಂಬ ತಿಳಿವು ಮಕ್ಕಳಲ್ಲಿ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ಹೊತ್ತಿಗೆ ಗಟ್ಟಿಯಾಗತೊಡಗುತ್ತದೆ. ಅದಕ್ಕಿಂತ ಚಿಕ್ಕ ಮಗುವಿಗೆ 'ಅಬ್ಬು ಮಲಗಿದ್ದಾರೆ' ಎಂದರೆ ಅದು ನಿದ್ದೆಗೇ ಹೆದರತೊಡಗಬಹುದು. 'ದೂರ ಹೋಗಿದ್ದಾರೆ' ಎಂದರೆ, ನನ್ನನ್ನು ಬಿಟ್ಟು ಏಕೆ ಹೋದರು, ನಾನೇನು ತಪ್ಪು ಮಾಡಿದೆ ಎಂದು ತನ್ನನ್ನೇ ದೂರಿಕೊಳ್ಳಬಹುದು. ಸರಳವಾಗಿ, ನಿಜವನ್ನೇ, ಮಗು ಕೇಳಿದಷ್ಟನ್ನು ಹೇಳಿ ಎನ್ನುತ್ತಾರೆ ಅವರು. ತಿಲಕನಗರದಿಂದ ಸ್ವಲ್ಪವೇ ದೂರದಲ್ಲಿ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಮಕ್ಕಳ ಮನೋವೈದ್ಯಕೀಯಕ್ಕೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಆದರೂ ನಮ್ಮ ಮೊಹಲ್ಲಾಗಳಿಂದ ಅಲ್ಲಿಗೆ ಇರುವ ದಾರಿ ಕಿಲೋಮೀಟರಿನಲ್ಲಿ ಅಳೆಯುವಂಥದ್ದಲ್ಲ. ನಿಮ್ಹಾನ್ಸ್ ಎಂದರೆ ಹುಚ್ಚಾಸ್ಪತ್ರೆ ಎಂಬ ಹಳೆಯ ಮಾತು ನಮ್ಮ ನಾಲಗೆಯಿಂದ ಇನ್ನೂ ಹೋಗಿಲ್ಲ.

2021ರ ಜುಲೈಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಆ ಪಿಡುಗಿನ ಮೊದಲ 14 ತಿಂಗಳಲ್ಲೇ ಪ್ರಪಂಚದಾದ್ಯಂತ 15 ಲಕ್ಷಕ್ಕೂ ಹೆಚ್ಚು ಮಕ್ಕಳು ತಂದೆಯನ್ನೋ ತಾಯಿಯನ್ನೋ ತಮ್ಮನ್ನು ನೋಡಿಕೊಳ್ಳುತ್ತಿದ್ದ ಅಜ್ಜ ಅಜ್ಜಿಯನ್ನೋ ಕಳೆದುಕೊಂಡಿದ್ದರು. ಆ ಲೆಕ್ಕದಲ್ಲಿ ಅಜ್ಜ ಅಜ್ಜಿಯರನ್ನೂ ಸೇರಿಸಿದ್ದು ಮುಖ್ಯ. ತಂದೆ ಹೋದ ಮನೆಯಲ್ಲಿ ಅಜ್ಜಿಯೇ ಮಗುವಿನ ಲೋಕ, ಅವಳೂ ಹೋಗಿಬಿಟ್ಟರೆ ಎಂಬ ಭಯವೇ ಮಗುವಿನ ಒಳಗಿನ ದೊಡ್ಡ ಭಯ. ಕರ್ನಾಟಕ ಸರಕಾರ 2021ರಲ್ಲಿ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಡಿ, ಕೋವಿಡ್‌ನಿಂದ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಅಗತ್ಯವಾದ ನೆರವು ಅದು. ಆದರೆ ಮಗು ಕೇಳುವ ಪ್ರಶ್ನೆಗೆ ಉತ್ತರವನ್ನು ಯಾವ ಯೋಜನೆಯೂ ಕೊಡಲಾರದು. ಅಬ್ಬು ಎಲ್ಲಿ ಎಂಬುದಕ್ಕಿಂತ ಕಷ್ಟದ ಪ್ರಶ್ನೆ ಅದು: "ದಾದಿ, ನೀನೂ ಸಾಯ್ತೀಯಾ?"

'ಛೆ, ಹಾಗೆಲ್ಲ ಅನ್ನಬಾರದು' ಎಂದು ಬಾಯಿ ಮುಚ್ಚಿಸುವುದು ನಮ್ಮ ರೂಢಿ. ಅಬ್ದುಲ್ ಮುತ್ತಲಿಬರು ಬೇರೆ ರೀತಿ ಉತ್ತರಿಸಿದರು. ಸಾಯುವ ಮೊದಲು ಮೊಮ್ಮಗನನ್ನು ಮಗ ಅಬೂತಾಲಿಬರ ಕೈಗೆ ಒಪ್ಪಿಸಿದರು. ನಾನೂ ಹೋಗುತ್ತೇನೆ, ಆದರೆ ನಿನ್ನನ್ನು ನೋಡಿಕೊಳ್ಳುವವರು ಇವರು - ಮಗುವಿಗೆ ಬೇಕಾದ ನಿಜ ಇದು. ಇದರಲ್ಲಿ ಲೋಕದ ವ್ಯವಹಾರವೂ ಸೇರಿದೆ. ತಂದೆ ಅಜ್ಜನಿಗಿಂತ ಮೊದಲೇ ತೀರಿಕೊಂಡು, ಅಜ್ಜನಿಗೆ ಬೇರೆ ಗಂಡುಮಕ್ಕಳಿದ್ದರೆ ಮೊಮ್ಮಗುವಿಗೆ ವಾರಸಿನಲ್ಲಿ ಪಾಲು ಬರುವುದಿಲ್ಲ ಎಂಬುದು ನಮ್ಮಲ್ಲಿ ನಡೆದುಬಂದ ನಿಯಮ. ಈಜಿಪ್ಟ್ 1946ರಲ್ಲಿ, ಪಾಕಿಸ್ತಾನ 1961ರಲ್ಲಿ ಕಾನೂನಿನ ಮೂಲಕ ಇದಕ್ಕೆ ಪರಿಹಾರ ಹುಡುಕಿದವು. ಇಲ್ಲಿ ಅಂಥ ಕಾನೂನು ಇಲ್ಲದಿದ್ದರೂ, ಆಸ್ತಿಯ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಬರೆಯಲು, ಬದುಕಿರುವಾಗಲೇ ಹಿಬಾ ಮಾಡಲು ಶರೀಅತ್ತಿನಲ್ಲೇ ದಾರಿ ಇದೆ. ಮೊಮ್ಮಗಳ ತಲೆ ಸವರಿ ಕಣ್ಣೀರು ಹಾಕುವ ಅಜ್ಜಂದಿರಲ್ಲಿ ಎಷ್ಟು ಮಂದಿ ಆ ಕಾಗದ ಬರೆದಿಟ್ಟಿದ್ದಾರೆ? ಮಾತಿನ ಸಾಂತ್ವನಕ್ಕೆ ಈ ಕಾಗದ ಸಾಕ್ಷಿ.

ಕನ್ನಡ ಸಾಹಿತ್ಯದಲ್ಲಿ ಸಾವಿನ ಬರವಣಿಗೆಗೆ ಕೊರತೆಯಿಲ್ಲ. ಮಗುವನ್ನು ಕಳೆದುಕೊಂಡ ತಂದೆ ತಾಯಿಯ ಎದೆಯನ್ನು ಬೇಂದ್ರೆ ಎಷ್ಟು ಆಳದಲ್ಲಿ ಮುಟ್ಟಿದರೆಂಬುದು ಎಲ್ಲರಿಗೂ ಗೊತ್ತು. ದೊಡ್ಡವರ ದುಃಖದಲ್ಲಿ ಮಗು ಸಾಕ್ಷಿಯಾಗಿ ನಿಲ್ಲುವ ಕಥೆಗಳೂ ಇವೆ. ಅನಂತಮೂರ್ತಿಯವರ 'ಘಟಶ್ರಾದ್ಧ'ದ ಹುಡುಗ, ಬದುಕಿರುವ ಯಮುನಕ್ಕನಿಗೆ ಶ್ರಾದ್ಧ ಮಾಡಿ ಮುಗಿಸಿದ್ದನ್ನು ಎದೆಯಲ್ಲಿ ಹೊತ್ತುಕೊಂಡು ಹೋಗುತ್ತಾನೆ, ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ನಮಗೆ ಕಡಿಮೆ ಕಾಣಸಿಗುವುದು ಸಾವಿನ ಮನೆಯ ಮೂಲೆಯಲ್ಲಿ ಅಜ್ಜಿ ಮತ್ತು ಮಗು ಒಬ್ಬರಿಗೊಬ್ಬರು ನಿಜ ಹೇಳಿಕೊಳ್ಳುವ ಮಾತುಕತೆ. ಬಾನು ಅವರ ಕಥೆ ಅದರ ಹೊಸ್ತಿಲವರೆಗೆ ನಮ್ಮನ್ನು ಕರೆತಂದಿದೆ. 2021ರಲ್ಲಿ ಏಳೆಂಟು ವರ್ಷದವರಾಗಿದ್ದ ಮಕ್ಕಳು ಈಗ ಹೈಸ್ಕೂಲಿಗೆ ಬಂದಿದ್ದಾರೆ. ಇನ್ನು ಹತ್ತು ವರ್ಷದಲ್ಲಿ ಅವರಲ್ಲಿ ಯಾರಾದರೂ ಬರೆಯತೊಡಗಿದರೆ ಹೊಸ್ತಿಲು ದಾಟಿದ ಕಥೆ ಕನ್ನಡಕ್ಕೆ ಸಿಗಬಹುದು. ಅಲ್ಲಿಯವರೆಗೆ ಆ ಮಾತುಕತೆ ಮನೆಗಳಲ್ಲಾದರೂ ನಡೆಯಬೇಕು.

ಆ ಶಬೆ ಬರಾತ್ ರಾತ್ರಿ ಚಿಕ್ಕಪ್ಪ ಖಬರಸ್ತಾನಕ್ಕೆ ಹೋಗಲಿಲ್ಲ. ಮಗುವಿನ ಕೈಹಿಡಿದು ಮತ್ತೆ ಮೆಟ್ಟಿಲು ಹತ್ತಿದ. ಒಳಗೆ ಏನು ಮಾತಾಯಿತೋ ಅದು ಆ ಮನೆಗೆ ಸೇರಿದ್ದು. ಮಾರನೆಯ ಬೆಳಿಗ್ಗೆ ಮಗು, ತಾಯಿ, ಚಿಕ್ಕಪ್ಪ ಆಟೋದಲ್ಲಿ ಹೊರಟರು. ಹೆಂಗಸರು ಒಳಗೆ ಹೋಗಬಹುದೇ ಕೂಡದೇ ಎಂಬ ಚರ್ಚೆ ಬೇಡವೆಂದು ದಾದಿ ಗೇಟಿನ ಹೊರಗೇ ಕೂರುತ್ತೇನೆಂದು ತಾನೂ ಹತ್ತಿದಳು. ಮಗು ಒಳಗೆ ಹೋಗಿ ಮಣ್ಣು ನೋಡಿ ಬಂದು ದಾದಿಗೆ ಅದರ ಗುರುತು ಹೇಳಿತಂತೆ: ಬೇವಿನ ಮರದಿಂದ ಮೂರನೆಯದು. ದಾದಿ ಮಗುವಿನ ಎದುರೇ ಸೆರಗು ಬಾಯಿಗೆ ಒತ್ತಿಕೊಳ್ಳದೆ ಅತ್ತಳು. ಹತ್ತು ತಿಂಗಳಲ್ಲಿ ಮೊದಲ ಸಲ.